ಟಿಬಿ ಔಷಧಿ ಲ್ಯಾಬಿನಿಂದ ರೋಗಿಯ ಅಂಗೈಗೆ ಬರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ಸಂಶೋಧನೆಯಿಂದ ಹೊಸ ಚಿಕಿತ್ಸೆ ಹೇಗೆ ಹುಟ್ಟುತ್ತದೆ ಎಂಬುದನ್ನು ಒಂದೇ ಕಾಯಿಲೆಯನ್ನು ಹಿಡಿದು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೆ ಇಲ್ಲಿ ಕ್ಷಯವನ್ನು, ಅಂದರೆ ಟಿಬಿಯನ್ನು, ಆರಿಸಿಕೊಂಡಿದ್ದೇವೆ. ಕೀಟಾಣುವನ್ನು ಕೊಲ್ಲುವ ವಸ್ತು ಸಿಕ್ಕರೆ ಚಿಕಿತ್ಸೆ ಸಿಕ್ಕಂತೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಯಾವ ಔಷಧಿಗೆ ಯಾವುದನ್ನು ಜೋಡಿಸಬೇಕು, ಎಷ್ಟು ದಿನ ಕೊಡಬೇಕು, ಎಲ್ಲಿ ಕೊಡಬೇಕು, ಜೊತೆಗೆ ಊಟ ಏನಿರಬೇಕು ಎಂಬ ಒಂದೊಂದಕ್ಕೂ ಬೇರೆ ಬೇರೆ ಪ್ರಯೋಗಗಳೇ ನಡೆದಿವೆ. ರೋಗಿಗಳು, ಮನೆಯವರು, ನರ್ಸಿಂಗ್ ಮತ್ತು ಫಾರ್ಮಸಿ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಟಿಬಿ ಕೀಟಾಣು 1882ರಲ್ಲೇ ಪತ್ತೆಯಾಗಿತ್ತಲ್ಲ, ಔಷಧಿ ಬರಲು ಅರವತ್ತು ವರ್ಷ ಯಾಕೆ ಹಿಡಿಯಿತು?

ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಕೀಟಾಣುವನ್ನು ತೋರಿಸಿದ್ದು 1882ರ ಮಾರ್ಚ್ 24ರಂದು. ಶತ್ರುವಿನ ಗುರುತು ಸಿಕ್ಕಿತು, ಆಯುಧ ಸಿಗಲಿಲ್ಲ. ಈ ಕೀಟಾಣುವಿನ ಸುತ್ತ ಮೇಣದಂಥ ದಪ್ಪ ಕವಚವಿದೆ, ಬಹಳಷ್ಟು ಔಷಧಿಗಳು ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ಬೆಳವಣಿಗೆಯೂ ತೀರಾ ನಿಧಾನ. ಹೊಟ್ಟೆಯಲ್ಲಿರುವ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಟಿಬಿ ಕೀಟಾಣುವಿಗೆ ಅದಕ್ಕೆ ಸುಮಾರು 20 ಗಂಟೆ ಬೇಕು. ಲ್ಯಾಬಿನಲ್ಲಿ ಗಟ್ಟಿ ಮಾಧ್ಯಮದ ಮೇಲೆ ಅದನ್ನು ಬೆಳೆಸಲು (ಕಲ್ಚರ್) ಇಟ್ಟರೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಟ್ಟಲೆ ಕಾಯಬೇಕು. ಪ್ರತಿ ಪ್ರಶ್ನೆಗೂ ಉತ್ತರ ಬರಲು ಎರಡು ತಿಂಗಳು ಹಿಡಿಯುವ ಲ್ಯಾಬಿನಲ್ಲಿ ಸಾವಿರಾರು ವಸ್ತುಗಳನ್ನು ಪರೀಕ್ಷಿಸುವುದು ಎಷ್ಟು ಕಷ್ಟ ಎಂದು ನೀವೇ ಲೆಕ್ಕ ಹಾಕಿ.

ಕೊನೆಗೆ ಉತ್ತರ ಬಂದದ್ದು ಮಣ್ಣಿನಿಂದ. 1943ರ ಅಕ್ಟೋಬರ್‌ನಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಆಲ್ಬರ್ಟ್ ಶಾಟ್ಸ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಇನ್ನೂ ಬೇಸರ ತರುವ ಸಂಗತಿ ಐಸೊನಯಜಿಡ್ ಎಂಬ ಇನ್ನೊಂದು ಔಷಧಿಯದು. ಈ ರಾಸಾಯನಿಕವನ್ನು 1912ರಲ್ಲೇ ತಯಾರಿಸಿದ್ದರು. ಅದು ಟಿಬಿಗೆ ಮದ್ದು ಎಂದು ಗೊತ್ತಾದದ್ದು 1950ರ ದಶಕದ ಆರಂಭದಲ್ಲಿ. ಸುಮಾರು ನಲವತ್ತು ವರ್ಷ ಯಾರೂ ಅದನ್ನು ಈ ಕೀಟಾಣುವಿನ ಮೇಲೆ ಹಾಕಿ ನೋಡಿರಲಿಲ್ಲ.

ಈಗ ಲ್ಯಾಬಿನಲ್ಲಿ ಹೊಸ ಔಷಧಿಯನ್ನು ಹೇಗೆ ಹುಡುಕುತ್ತಾರೆ?

ಬೆಡಾಕ್ವಿಲಿನ್ ಎಂಬ ಹೊಸ ಟಿಬಿ ಔಷಧಿ ಇದಕ್ಕೆ ಒಳ್ಳೆಯ ಉದಾಹರಣೆ. ಜಾನ್ಸೆನ್ ಕಂಪನಿಯ ಕೂನ್ ಆಂಡ್ರೀಸ್ ತಂಡ ನೇರವಾಗಿ ಟಿಬಿ ಕೀಟಾಣುವಿನ ಮೇಲೆ ಹುಡುಕಾಟ ಶುರು ಮಾಡಲಿಲ್ಲ. ಅದರದ್ದೇ ಕುಲದ, ಬೇಗ ಬೆಳೆಯುವ, ಅಷ್ಟಾಗಿ ಅಪಾಯವಿಲ್ಲದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಮೇಲೆ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊಂದವನ್ನು ಮಾತ್ರ ಆರಿಸಿಕೊಂಡಿತು. ಔಷಧಿ ಎಲ್ಲಿ ಹೊಡೆಯುತ್ತಿದೆ ಎಂದು ಆಗ ಗೊತ್ತಿರಲಿಲ್ಲ. ಅದನ್ನು ಕಂಡುಕೊಂಡ ಉಪಾಯ ಸೊಗಸಾಗಿದೆ. ಔಷಧಿ ಹಾಕಿದರೂ ಸಾಯದೆ ಉಳಿದ ಬೆರಳೆಣಿಕೆಯ ಕೀಟಾಣುಗಳನ್ನು ಬೆಳೆಸಿ, ಅವುಗಳ ಜೀನುಗಳನ್ನು ಪೂರ್ತಿ ಓದಿ, ಎಲ್ಲಿ ಬದಲಾಗಿದೆ ಎಂದು ನೋಡಿದರು. ಬದಲಾವಣೆ ಕಂಡದ್ದು ಎಟಿಪಿ ಸಿಂಥೇಸ್ ಎಂಬ ಭಾಗದಲ್ಲಿ, ಅಂದರೆ ಕೀಟಾಣು ತನ್ನ ಶಕ್ತಿಯನ್ನು ತಯಾರಿಸಿಕೊಳ್ಳುವ ಯಂತ್ರದಲ್ಲಿ. ಈ ಔಷಧಿ ಕೀಟಾಣುವಿನ ಒಲೆಯನ್ನೇ ಆರಿಸುತ್ತದೆ. ಈ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರ ಡಿಸೆಂಬರ್‌ನಲ್ಲಿ.

ಇಲಿಗೆ ಗುಣವಾದರೆ ಮನುಷ್ಯರಿಗೂ ಗುಣವಾಗಬೇಕಲ್ಲವೇ?

ಆಗಬೇಕೆಂದೇನೂ ಇಲ್ಲ. ಪ್ರಯೋಗಕ್ಕೆ ಬಳಸುವ ಸಾಮಾನ್ಯ ಇಲಿಯ ಶ್ವಾಸಕೋಶದಲ್ಲಿ ಮನುಷ್ಯರಲ್ಲಿ ಆಗುವಂಥ ಪೊಳ್ಳು ಗುಳಿಗಳು ಆಗುವುದಿಲ್ಲ. ಕೀಟಾಣು ಕೋಟಿಗಟ್ಟಲೆ ಅಡಗಿರುವುದು ಆ ಗುಳಿಗಳಲ್ಲೇ. ಆದ್ದರಿಂದ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ ವಿಷವಾಗುತ್ತದೆಯೇ, ಯಾವ ಪ್ರಮಾಣದಿಂದ ಶುರು ಮಾಡಬಹುದು ಎಂಬ ಅಂದಾಜು ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಭರವಸೆ ಇಡಬಾರದು.

ಮನುಷ್ಯರ ಹಂತಗಳು ಹೀಗಿವೆ. ಮೊದಲ ಹಂತದಲ್ಲಿ ಹತ್ತಾರು ಆರೋಗ್ಯವಂತರಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಗಂಟೆಗಂಟೆಗೂ ರಕ್ತ ತೆಗೆದು, ಔಷಧಿ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯುತ್ತಾರೆ. ಎರಡನೇ ಹಂತ ರೋಗಿಗಳದು. ಟಿಬಿಯಲ್ಲಿ ಇದರ ಆರಂಭಕ್ಕೆ ವಿಶೇಷವಾದೊಂದು ಪರೀಕ್ಷೆಯಿದೆ. ಹೊಸ ಔಷಧಿಯನ್ನು ಒಂದೆರಡು ವಾರ ಮಾತ್ರ ಕೊಟ್ಟು, ಪ್ರತಿದಿನ ಸಂಜೆಯಿಂದ ಬೆಳಗಿನವರೆಗೆ ಸುಮಾರು 16 ಗಂಟೆಗಳ ಕಫವನ್ನು ಒಂದೇ ಡಬ್ಬಿಯಲ್ಲಿ ಹಿಡಿದು, ಒಂದು ಮಿಲಿಲೀಟರ್‌ನಲ್ಲಿ ಬದುಕಿರುವ ಕೀಟಾಣು ದಿನೇ ದಿನೇ ಎಷ್ಟು ಇಳಿಯುತ್ತಿವೆ ಎಂದು ಎಣಿಸುತ್ತಾರೆ. ಬೆಡಾಕ್ವಿಲಿನ್ ಮೊದಲ ಮೂರು ದಿನ ಏನೂ ಮಾಡದಂತೆ ಕಂಡಿತು, ನಾಲ್ಕನೇ ದಿನದಿಂದ ಕೀಟಾಣು ಇಳಿಯತೊಡಗಿದವು. ಎರಡೇ ದಿನ ನೋಡಿ ನಿಲ್ಲಿಸಿದ್ದರೆ ಒಳ್ಳೆಯ ಔಷಧಿಯೊಂದು ಕಸದ ಬುಟ್ಟಿಗೆ ಹೋಗುತ್ತಿತ್ತು.

ಮೂರನೇ ಹಂತದಲ್ಲಿ ನೂರಾರು ಇಲ್ಲವೇ ಸಾವಿರಾರು ರೋಗಿಗಳನ್ನು ಸೇರಿಸಿ ಹಳೆಯ ಚಿಕಿತ್ಸೆಗೆ ಹೋಲಿಸಿ ನೋಡುತ್ತಾರೆ. ಮಾರುಕಟ್ಟೆಗೆ ಬಂದ ಮೇಲಿನ ನಿಗಾ ನಾಲ್ಕನೆಯದು.

ಚೀಟಿ ಎತ್ತಿದಂತೆ ಕೆಲವರಿಗೆ ಹೊಸ ಔಷಧಿ, ಕೆಲವರಿಗೆ ಹಳೆಯದು ಕೊಡುವುದು ಅನ್ಯಾಯವಲ್ಲವೇ?

ಈ ಪದ್ಧತಿ ಬೇರೂರಿದ್ದೇ ಟಿಬಿ ಪ್ರಯೋಗದಿಂದ. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದ ಸ್ಟ್ರೆಪ್ಟೊಮೈಸಿನ್ ಎಲ್ಲ ರೋಗಿಗಳಿಗೆ ಸಾಲುವಷ್ಟಿರಲಿಲ್ಲ. ಹೇಗೂ ಎಲ್ಲರಿಗೂ ಕೊಡಲಾಗದು, ಆದ್ದರಿಂದ ಸರಿಯಾಗಿ ಹೋಲಿಸಿ ನೋಡೋಣ ಎಂದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ತೀರ್ಮಾನಿಸಿತು. 107 ರೋಗಿಗಳು. ಯಾರಿಗೆ ಏನು ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಮೊದಲೇ ನಿರ್ಧರಿಸಿ, ಅಂಟಿಸಿದ ಲಕೋಟೆಗಳಲ್ಲಿ ಇಟ್ಟಿದ್ದರು. 55 ಮಂದಿಗೆ ದಿನಕ್ಕೆ 2 ಗ್ರಾಂ ಸ್ಟ್ರೆಪ್ಟೊಮೈಸಿನ್, ಆರು ಗಂಟೆಗೊಂದರಂತೆ ನಾಲ್ಕು ಚುಚ್ಚುಮದ್ದು, ಜೊತೆಗೆ ಹಾಸಿಗೆಯ ವಿಶ್ರಾಂತಿ. 52 ಮಂದಿಗೆ ವಿಶ್ರಾಂತಿ ಮಾತ್ರ, ಆಗ ಇದ್ದದ್ದು ಅದೇ. ಎಕ್ಸ್‌ರೇ ಓದಿದವರಿಗೆ ಅದು ಯಾವ ಗುಂಪಿನ ರೋಗಿಯದು ಎಂದು ತಿಳಿಸಿರಲಿಲ್ಲ.

ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಮಂದಿ ಸತ್ತರು, ಪಡೆಯದವರಲ್ಲಿ 14. ಅಲ್ಲಿಗೇ ನಿಲ್ಲಿಸಿದ್ದರೆ ಸ್ಟ್ರೆಪ್ಟೊಮೈಸಿನ್ ಗೆದ್ದಿತು ಎಂದು ಬರೆಯಬಹುದಿತ್ತು. ಐದು ವರ್ಷದ ಲೆಕ್ಕ ತೆಗೆದಾಗ ಸತ್ತವರು ಒಂದು ಗುಂಪಿನಲ್ಲಿ 32, ಇನ್ನೊಂದರಲ್ಲಿ 35. ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ಬಹುಪಾಲು ರೋಗಿಗಳಲ್ಲಿ ಕೀಟಾಣು ಆ ಔಷಧಿಗೆ ಬಗ್ಗದಂತಾಗಿತ್ತು. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ, ಐದು ವರ್ಷ ಬೆನ್ನುಹತ್ತದಿದ್ದರೆ, ಈ ಸತ್ಯ ಹೊರಗೆ ಬರುವುದು ಇನ್ನಷ್ಟು ತಡವಾಗುತ್ತಿತ್ತು.

ಅನ್ಯಾಯ ಬೇರೆ ಕಡೆ ಆಗಿತ್ತು. ಔಷಧಿ ಸಿಗದ ಗುಂಪಿನವರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂದೇ ಹೇಳಿರಲಿಲ್ಲ. ಇಂದು ಅಂಥದ್ದಕ್ಕೆ ಕಾನೂನಿನಲ್ಲಿ ಜಾಗವಿಲ್ಲ, ಇರಲೂ ಬಾರದು.

ಒಂದು ಒಳ್ಳೆಯ ಮಾತ್ರೆ ಸಾಲದೆ? ನಾಲ್ಕು ಔಷಧಿ ಯಾಕೆ?

ಲೆಕ್ಕ ಹೀಗಿದೆ. ಶ್ವಾಸಕೋಶದ ಒಂದು ಗುಳಿಯಲ್ಲಿ ಸುಮಾರು 10 ಕೋಟಿ ಕೀಟಾಣು ಇರಬಹುದು. ಸುಮಾರು 10 ಲಕ್ಷಕ್ಕೆ ಒಂದು ಕೀಟಾಣು ಹುಟ್ಟುತ್ತಲೇ ಐಸೊನಯಜಿಡ್‌ಗೆ ಬಗ್ಗದಂಥದ್ದು. ಅಂದರೆ ಮೊದಲ ಮಾತ್ರೆ ನುಂಗುವ ಮೊದಲೇ ಅಂಥ ನೂರು ಕೀಟಾಣು ಅಲ್ಲಿ ಕೂತಿವೆ. ಅದೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು, ಈ ನೂರಕ್ಕೆ ಇಡೀ ಜಾಗ ಖಾಲಿ ಸಿಗುತ್ತದೆ. ರೋಗಿ ಒಂದೆರಡು ತಿಂಗಳು ಚೇತರಿಸಿಕೊಂಡಂತೆ ಕಂಡು ಮತ್ತೆ ಬೀಳುತ್ತಾರೆ. ರಿಫಾಂಪಿಸಿನ್ ಎಂಬ ಇನ್ನೊಂದು ಔಷಧಿಗೆ ಬಗ್ಗದ ಕೀಟಾಣು ಸುಮಾರು 10 ಕೋಟಿಗೆ ಒಂದು. ಎರಡಕ್ಕೂ ಬಗ್ಗದ ಕೀಟಾಣು ತಾನಾಗಿ ಹುಟ್ಟಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಕೀಟಾಣು ಬೇಕು. ಯಾರ ಮೈಯಲ್ಲೂ ಅಷ್ಟಿರುವುದಿಲ್ಲ.

ಆದ್ದರಿಂದಲೇ ಈಗ ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ ಸೇರಿಸಿರುತ್ತಾರೆ: ಐಸೊನಯಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ. ವಯಸ್ಕರಲ್ಲಿ ತೂಕ 35ರಿಂದ 49 ಕಿಲೋ ಇದ್ದರೆ ದಿನಕ್ಕೆ 3, 50ರಿಂದ 64 ಇದ್ದರೆ 4 ಮಾತ್ರೆ. ಇಲ್ಲಿ ಆಗುವ ದೊಡ್ಡ ತಪ್ಪು ತೂಕದ್ದು. ಚಿಕಿತ್ಸೆಯ ನಡುವೆ ರೋಗಿ ಮೈತುಂಬಿಕೊಂಡು 48ರಿಂದ 54 ಕಿಲೋ ಆಗಿರುತ್ತಾರೆ, ಕಾರ್ಡಿನಲ್ಲಿ ಮಾತ್ರೆ ಮೂರೇ ಉಳಿದಿರುತ್ತದೆ. ಪ್ರತಿ ತಿಂಗಳು ತೂಕ ಹಾಕಿಸಿ, ಹೆಚ್ಚಿದ್ದರೆ ಡಾಕ್ಟರಿಗೆ ನೀವೇ ಹೇಳಿ.

ಎರಡು ತಿಂಗಳಿಗೆ ಕೆಮ್ಮು ಹೋಯಿತು, ಕಫವೂ ನೆಗೆಟಿವ್. ಆರು ತಿಂಗಳು ಯಾಕೆ ನುಂಗಬೇಕು?

ವೇಗವಾಗಿ ಬೆಳೆಯುವ ಕೀಟಾಣು ಮೊದಲ ವಾರಗಳಲ್ಲೇ ಸಾಯುತ್ತವೆ. ಅರೆನಿದ್ದೆಯಲ್ಲಿರುವ ಕೆಲವು ಉಳಿದುಕೊಳ್ಳುತ್ತವೆ. ಕಫದ ಪರೀಕ್ಷೆಗೆ ಅವು ಸಿಗುವುದಿಲ್ಲ. ಅವು ಉಳಿದಿದ್ದವೋ ಇಲ್ಲವೋ ಎಂದು ಗೊತ್ತಾಗುವುದು ಔಷಧಿ ನಿಲ್ಲಿಸಿ ಒಂದೆರಡು ವರ್ಷ ಕಾದಾಗ, ಕಾಯಿಲೆ ಮರುಕಳಿಸಿದರೆ.

ಹಿಂದೆ ಚಿಕಿತ್ಸೆ 18 ತಿಂಗಳವರೆಗೂ ಇತ್ತು. 1970ರ ದಶಕದ ಆರಂಭದಲ್ಲಿ ಪೂರ್ವ ಆಫ್ರಿಕಾದಲ್ಲಿ ನಡೆದ ಪ್ರಯೋಗದಲ್ಲಿ ಆರು ತಿಂಗಳು ಸ್ಟ್ರೆಪ್ಟೊಮೈಸಿನ್ ಮತ್ತು ಐಸೊನಯಜಿಡ್ ಮಾತ್ರ ಪಡೆದವರಲ್ಲಿ ನೂರಕ್ಕೆ 29 ಮಂದಿಗೆ ಮರುಕಳಿಸಿತು. ಅದಕ್ಕೆ ರಿಫಾಂಪಿಸಿನ್ ಸೇರಿಸಿದ ಗುಂಪಿನಲ್ಲಿ ನೂರಕ್ಕೆ 3. ಆರು ತಿಂಗಳ ಚಿಕಿತ್ಸೆಯ ಬುನಾದಿ ಇದು.

ಮುಂದೆ ನಾಲ್ಕು ತಿಂಗಳಿಗೆ ಇಳಿಸುವ ಪ್ರಯತ್ನಗಳು ನಡೆದವು. ಮಾಕ್ಸಿಫ್ಲಾಕ್ಸಾಸಿನ್ ಎಂಬ ಔಷಧಿ ಸೇರಿಸಿದಾಗ ಇಲಿಗಳಲ್ಲಿ ಭರವಸೆ ಕಂಡಿತು, ರೋಗಿಗಳ ಕಫವೂ ಬೇಗ ನೆಗೆಟಿವ್ ಆಯಿತು. ಆದರೆ 1,931 ರೋಗಿಗಳ ಪ್ರಯೋಗದ ಫಲಿತಾಂಶ 2014ರಲ್ಲಿ ಬಂದಾಗ, ನಾಲ್ಕು ತಿಂಗಳಿಗೆ ನಿಲ್ಲಿಸಿದವರಲ್ಲಿ ಮರುಕಳಿಸಿದ್ದು ಹೆಚ್ಚು. ಕಫ ಬೇಗ ಶುದ್ಧವಾದದ್ದು ರೋಗ ಪೂರ್ತಿ ಹೋದದ್ದರ ಗುರುತಾಗಿರಲಿಲ್ಲ. ಎರಡು ತಿಂಗಳಿಗೆ ಮಾತ್ರೆ ಬಿಡಬೇಕೆನಿಸಿದಾಗ ಈ ಪ್ರಯೋಗವನ್ನು ನೆನೆಯಿರಿ. ಮುಂದೆ ರಿಫಾಪೆಂಟಿನ್ ಜೊತೆ ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಬೇರೊಂದು ನಾಲ್ಕು ತಿಂಗಳ ಜೋಡಣೆ 2021ರಲ್ಲಿ ಆರು ತಿಂಗಳಿಗೆ ಸರಿಸಮ ಎಂದು ಸಾಬೀತಾಯಿತು. ಅದು ಬೇರೆ ಔಷಧಿಗಳ ಮಾತು. ಆರು ತಿಂಗಳ ಮಾತ್ರೆಯನ್ನು ನಾಲ್ಕಕ್ಕೆ ನಿಲ್ಲಿಸಬಹುದು ಎಂದು ಯಾರೂ ಹೇಳಿಲ್ಲ.

ಮೊದಲು ಟಿಬಿ ರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆಗೆ, ಅಂದರೆ ಸ್ಯಾನಟೋರಿಯಂಗೆ ಕಳಿಸುತ್ತಿದ್ದರು. ಈಗ ಮನೆಯಲ್ಲೇ ಇರಿ ಎನ್ನುತ್ತಾರೆ. ಖರ್ಚು ಉಳಿಸಲೆಂದೇ?

ಇಲ್ಲ. ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಅದೂ ನಮ್ಮ ಪಕ್ಕದ ಮದ್ರಾಸಿನಲ್ಲಿ. 1956ರಲ್ಲಿ ಅಲ್ಲಿ ಶುರುವಾದ ಕೇಂದ್ರದಲ್ಲಿ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಒಂದೇ ಔಷಧಿ, ಒಂದು ವರ್ಷ. ಒಂದು ಗುಂಪಿಗೆ ಸ್ಯಾನಟೋರಿಯಂನ ಗಾಳಿ, ಒಳ್ಳೆಯ ಊಟ, ದೀರ್ಘ ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಯಲ್ಲೇ ಉಳಿದು, ಬಹಳಷ್ಟು ಮಂದಿ ಕೆಲಸಕ್ಕೂ ಹೋದರು. ಮಾತ್ರೆ ನಿಜವಾಗಿ ನುಂಗುತ್ತಿದ್ದಾರೆಯೇ ಎಂದು ನೋಡಲು ಸಿಬ್ಬಂದಿ ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರದಲ್ಲಿ ಔಷಧಿ ಇದೆಯೇ ಎಂದು ಪರೀಕ್ಷಿಸುತ್ತಿದ್ದರು.

ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಮನೆಯಲ್ಲಿ ನೂರಕ್ಕೆ 86, ಸ್ಯಾನಟೋರಿಯಂನಲ್ಲಿ 92. ಎರಡರ ನಡುವೆ ಅಂಥ ದೊಡ್ಡ ಅಂತರವಿಲ್ಲ. ರೋಗಿಗಳ ಕುಟುಂಬದವರನ್ನು ಐದು ವರ್ಷ ಗಮನಿಸಿದಾಗಲೂ, ರೋಗಿ ಮನೆಯಲ್ಲಿದ್ದ ಕಾರಣಕ್ಕೆ ಅವರಿಗೆ ಹೆಚ್ಚು ತಗುಲಿದ್ದು ಕಾಣಲಿಲ್ಲ. ಔಷಧಿ ಶುರುವಾದ ಮೇಲೆ ಸೋಂಕು ಹರಡುವುದು ಬೇಗ ತಗ್ಗುತ್ತದೆ, ಮನೆಯವರಿಗೆ ತಗುಲುವುದು ಹೆಚ್ಚಾಗಿ ರೋಗ ಗೊತ್ತಾಗುವುದಕ್ಕೆ ಮೊದಲೇ. ಈ ಒಂದು ಅಧ್ಯಯನ ಜಗತ್ತಿನ ಟಿಬಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ತಟ್ಟೆ ಲೋಟ ಬೇರೆ ಇಡುವ, ರೋಗಿಯನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ತಳ್ಳುವ ರೂಢಿಗೆ ಇದರಲ್ಲಿ ಯಾವ ಆಧಾರವೂ ಇಲ್ಲ.

ಸಂಶೋಧನೆ ಎಂದರೆ ಔಷಧಿ ಕಂಡುಹಿಡಿಯುವುದು ಮಾತ್ರವೇ?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಟಿಬಿ ಇದ್ದವರನ್ನು ಕಂಡು, ನಿಮಗೆ ಏನಾಗುತ್ತಿದೆ, ಏನು ಮಾಡಿದಿರಿ ಎಂದು ಕೇಳಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. 1963ರಲ್ಲಿ ಪ್ರಕಟವಾದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಕಫ ಪರೀಕ್ಷಿಸದೆ ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದರು. ಹಾಗಾಗಿ ಹೊಸ ಆಸ್ಪತ್ರೆ ಕಟ್ಟುವುದಕ್ಕಿಂತ ಇರುವ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ ಇರಬೇಕು ಎಂಬ ನೀತಿ ಗಟ್ಟಿಯಾಯಿತು. ತಪ್ಪು ರೋಗಿಯದು ಎನ್ನುವ ಮೊದಲು ಈ ತುಮಕೂರಿನ ಅಧ್ಯಯನವನ್ನು ಆರೋಗ್ಯ ಇಲಾಖೆಯ ಪ್ರತಿಯೊಬ್ಬರೂ ಓದಬೇಕು ಎಂಬುದು ನಮ್ಮ ಆಸೆ.

ಪತ್ತೆ ಪರೀಕ್ಷೆಯಲ್ಲೂ ಇದೇ ದಾರಿ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಕೀಟಾಣು ಇರಬೇಕು. ಜೀನ್ ಹುಡುಕುವ ಸಿಬಿ ನ್ಯಾಟ್ ಯಂತ್ರಕ್ಕೆ ನೂರೈವತ್ತರಷ್ಟಿದ್ದರೂ ಸಾಕು, ರಿಫಾಂಪಿಸಿನ್‌ಗೆ ಬಗ್ಗದಿದ್ದರೆ ಅದನ್ನೂ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಆದರೆ ಅದಕ್ಕೆ ಎಸಿ ಕೋಣೆ, ನಿಲ್ಲದ ಕರೆಂಟು ಬೇಕು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ರೂಪಿಸಿದ ಟ್ರೂನ್ಯಾಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಸಣ್ಣ ಆರೋಗ್ಯ ಕೇಂದ್ರದಲ್ಲೂ ಇಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2020ರಲ್ಲಿ ಒಪ್ಪಿತು.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಡಬ್ಬಿಯಲ್ಲಿ ಉಗುಳು ತುಂಬಿಕೊಟ್ಟರೆ ಫಲಿತಾಂಶ ತಪ್ಪುತ್ತದೆ. ಬಾಯಿ ನೀರಿನಲ್ಲಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫ 2ರಿಂದ 5 ಮಿಲಿಲೀಟರ್ ಬೇಕು. ಬೆಳಗ್ಗೆ ಎದ್ದಾಗಿನದು ಒಳ್ಳೆಯದು. ಬಯಲಲ್ಲಿ ನಿಂತು ಕೆಮ್ಮಿ, ಮನೆಯೊಳಗೆ ಬೇಡ.

ಎಂಡಿಆರ್ ಟಿಬಿಗೆ ಎರಡು ವರ್ಷದ ಚಿಕಿತ್ಸೆ ಆರು ತಿಂಗಳಾದದ್ದು ಹೇಗೆ?

ಐಸೊನಯಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿಯೇ ಎಂಡಿಆರ್ ಟಿಬಿ. ಹಳೆಯ ಪದ್ಧತಿಯಲ್ಲಿ ಅದಕ್ಕೆ 18ರಿಂದ 24 ತಿಂಗಳು, ಅದರಲ್ಲಿ ತಿಂಗಳುಗಟ್ಟಲೆ ಕನಾಮೈಸಿನ್‌ನಂಥ ಚುಚ್ಚುಮದ್ದು. ಬದುಕಿದರೂ ಆ ಚುಚ್ಚುಮದ್ದಿನಿಂದ ಹಲವರು ಕೇಳುವ ಶಕ್ತಿ ಕಳೆದುಕೊಂಡರು.

ಬೆಡಾಕ್ವಿಲಿನ್‌ನ ಎರಡನೇ ಹಂತದ ಪ್ರಯೋಗದಲ್ಲಿ ಕಫ ಶುದ್ಧವಾಗಲು ಹಿಡಿದ ಕಾಲ 125 ದಿನದಿಂದ 83ಕ್ಕೆ ಇಳಿಯಿತು. ಅದೇ ಪ್ರಯೋಗದಲ್ಲಿ ಬೆಚ್ಚಿಬೀಳಿಸುವ ಸಂಗತಿಯೂ ಇತ್ತು. ಔಷಧಿ ಪಡೆದ 79 ಮಂದಿಯಲ್ಲಿ 10 ಸಾವು, ಹುಸಿಮಾತ್ರೆ ಪಡೆದ 81ರಲ್ಲಿ 2. ಸಾವಿಗೆ ಒಂದೇ ಕಾರಣ ಕಾಣಲಿಲ್ಲ. ಹೃದಯದ ಮಿಡಿತದಲ್ಲಿ ಏರುಪೇರು ಮಾಡುವ ಗುಣ ಈ ಔಷಧಿಗಿದೆ. ಅಮೆರಿಕ ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೇ ಅನುಮತಿ ಕೊಟ್ಟಿತು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಕೊಟ್ಟು ಲೆಕ್ಕವಿಟ್ಟಾಗ, ಬೆಡಾಕ್ವಿಲಿನ್ ಪಡೆದವರಲ್ಲಿ ಸಾವು ನೂರಕ್ಕೆ 12.6, ಪಡೆಯದವರಲ್ಲಿ 24.8. ಅದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಆದ್ದರಿಂದ ಅಂತರವೆಲ್ಲ ಔಷಧಿಯದೇ ಎನ್ನಲಾಗದು. ಮೊದಲಿನ ಭಯ ತಗ್ಗಿಸಲು ಮಾತ್ರ ಅದು ಸಾಕಾಯಿತು.

ಬೆಡಾಕ್ವಿಲಿನ್ ಜೊತೆಗೆ ಪ್ರೆಟೊಮಾನಿಡ್, ಲಿನೆಜೊಲಿಡ್ ಎಂಬ ಔಷಧಿಗಳನ್ನು ಸೇರಿಸಿ ದಕ್ಷಿಣ ಆಫ್ರಿಕಾದಲ್ಲಿ 109 ಮಂದಿಗೆ ಕೊಟ್ಟರು. ಬದುಕುವ ಆಸೆಯೇ ಕ್ಷೀಣವಾಗಿದ್ದವರಲ್ಲಿ ನೂರಕ್ಕೆ 90 ಮಂದಿ ಗುಣವಾದರು. ಆದರೆ ದಿನಕ್ಕೆ 1,200 ಮಿಲಿಗ್ರಾಂ ಲಿನೆಜೊಲಿಡ್‌ನಿಂದ ನೂರಕ್ಕೆ 81 ಮಂದಿಗೆ ಕೈಕಾಲು ಜೋಮು, ಉರಿ. ಮುಂದಿನ ಪ್ರಯೋಗದಲ್ಲಿ ಅದನ್ನು 600ಕ್ಕೆ ಇಳಿಸಿದರೂ ಗುಣವಾಗುವುದು ತಗ್ಗಲಿಲ್ಲ, ತೊಂದರೆ ಬಹಳ ತಗ್ಗಿತು. ಈ ಮೂರಕ್ಕೆ ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ಆರು ತಿಂಗಳ ಜೋಡಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿತು, ಭಾರತ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಬೆಡಾಕ್ವಿಲಿನ್ ಊಟದ ಜೊತೆಗೇ ನುಂಗಬೇಕು, ಹೊಟ್ಟೆ ತುಂಬಿದ್ದರೆ ಮೈಗೆ ಸೇರುವುದು ಸುಮಾರು ಎರಡು ಪಟ್ಟು. ಇಸಿಜಿ ತಪ್ಪಿಸಬಾರದು. ಪಾದದಲ್ಲಿ ಜೋಮು, ಕಣ್ಣು ಮಂಜು ಕಂಡರೆ ಅಂದೇ ಹೇಳಬೇಕು, ಕಾಯಬಾರದು.

ಔಷಧಿ ಬಂದರೂ ಬಡವರಿಗೆ ಸಿಗುತ್ತದೆಯೇ?

ತಾನಾಗಿ ಸಿಗುವುದಿಲ್ಲ. ಬೆಡಾಕ್ವಿಲಿನ್ ಮೇಲಿನ ಮುಖ್ಯ ಪೇಟೆಂಟ್ 2023ರ ಜುಲೈಗೆ ಮುಗಿಯುವುದಿತ್ತು, ಅದನ್ನು ಮುಂದುವರಿಸುವ ಇನ್ನೊಂದು ಅರ್ಜಿ ಭಾರತದಲ್ಲಿತ್ತು. ಅದಕ್ಕೆ ಆಕ್ಷೇಪ ಸಲ್ಲಿಸಿದವರಲ್ಲಿ ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಇದ್ದರು. ಇಬ್ಬರೂ ಟಿಬಿಯಿಂದ ಬದುಕಿ ಬಂದವರು, ಹಳೆಯ ಚುಚ್ಚುಮದ್ದಿನಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿ ತಿರಸ್ಕರಿಸಿತು. ಭಾರತದ ಕಂಪನಿಗಳು ಕಡಿಮೆ ಬೆಲೆಗೆ ತಯಾರಿಸಲು ದಾರಿಯಾಯಿತು.

ಒಳ್ಳೆಯ ಊಟದಿಂದ ಟಿಬಿ ತಡೆಯಬಹುದೇ?

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ಇದನ್ನೇ ಪರೀಕ್ಷಿಸಿದರು. 2,800 ರೋಗಿಗಳಿಗೆಲ್ಲ ಪ್ರತಿ ತಿಂಗಳು 10 ಕಿಲೋ ಆಹಾರ ಸಾಮಗ್ರಿ ಕೊಟ್ಟರು. ಮನೆಯವರಲ್ಲಿ ಅರ್ಧದಷ್ಟು ಕುಟುಂಬಗಳಿಗೆ ಮಾತ್ರ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು ನೂರಕ್ಕೆ 39ರಷ್ಟು ಕಡಿಮೆ. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಹೆಚ್ಚಿದ ರೋಗಿಗಳಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ. ಇದು 2023ರ ಫಲಿತಾಂಶ. ಮದ್ರಾಸಿನ ಅಧ್ಯಯನಕ್ಕೆ ಇದು ಎದುರಲ್ಲ. ಔಷಧಿ ಇದ್ದಾಗ ಸ್ಯಾನಟೋರಿಯಂ ಊಟವಿಲ್ಲದೆಯೂ ಗುಣವಾಗಬಹುದು ಎಂದು ಅದು ತೋರಿಸಿತ್ತು. ಹಸಿದ ಮೈಗೆ ರೋಗ ಬೇಗ ಬರುತ್ತದೆ, ತೀರಾ ಸೊರಗಿದವರು ಔಷಧಿ ಕೆಲಸ ಮಾಡುವ ಮೊದಲೇ ಸಾಯಬಹುದು ಎಂಬುದು ಬೇರೆ ಪ್ರಶ್ನೆಯ ಉತ್ತರ. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ಹಣ 2024ರ ನವೆಂಬರ್‌ನಿಂದ 500ರಿಂದ 1,000 ರೂಪಾಯಿಗೆ ಏರಿದೆ. ಬ್ಯಾಂಕ್ ಖಾತೆ ಸರಿಯಾಗಿ ಜೋಡಣೆಯಾಗದೆ ಹಣ ನಿಂತಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ.

ನಮ್ಮ ಮನೆಯವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಕೇಳಿದರೆ ಏನು ಮಾಡಬೇಕು?

ಅಂದೇ ಸಹಿ ಹಾಕಬೇಡಿ. ಕನ್ನಡದಲ್ಲಿರುವ ಮಾಹಿತಿ ಪತ್ರ ಕೇಳಿ ಪಡೆದು, ಮನೆಗೆ ತಂದು ಓದಿ. ಸಿಟಿಆರ್‌ಐ (ಭಾರತದಲ್ಲಿ ನಡೆಯುವ ವೈದ್ಯಕೀಯ ಪ್ರಯೋಗಗಳ ಅಧಿಕೃತ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಮೊದಲ ರೋಗಿಯನ್ನು ಸೇರಿಸುವ ಮೊದಲೇ ಪ್ರಯೋಗ ಅಲ್ಲಿ ನೋಂದಣಿಯಾಗಿರಬೇಕು. ಹೊಸ ಔಷಧಿ ಸಿಗದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ, ಎಷ್ಟು ಸಲ ಬರಬೇಕು, ಬಸ್ ಖರ್ಚು ಯಾರದು, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಓದಲು ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಲ್ಲೇ ವಿವರಿಸಬೇಕು, ಅವರೂ ಸಹಿ ಹಾಕಬೇಕು. ಹೊಸ ಔಷಧಿ ಮತ್ತು ಪ್ರಯೋಗಗಳ ಕುರಿತ 2019ರ ಸರ್ಕಾರಿ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪ್ರಯೋಗದಿಂದಲೇ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ ಪರಿಹಾರವಿದೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಹಾಗೆ ಬಂದದ್ದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರಬೇಕು.

ಹೊಸ ಲಸಿಕೆ ಬರುತ್ತದೆಯೇ?

ಬಿಸಿಜಿ 1921ರದು. ಮಕ್ಕಳಲ್ಲಿ ಮೆದುಳಿಗೆ ಹರಡುವಂಥ ಭೀಕರ ಟಿಬಿಯನ್ನು ಅದು ತಡೆಯುತ್ತದೆ, ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯಲಿಲ್ಲ ಎಂದು ತಮಿಳುನಾಡಿನ ಚೆಂಗಲ್ಪಟ್ಟಿನ ಭಾರೀ ಪ್ರಯೋಗ ತೋರಿಸಿತು. ಎಂ72 ಎಂಬ ಲಸಿಕೆ ಎರಡನೇ ಹಂತದಲ್ಲಿ, ಮೈಯಲ್ಲಿ ಕೀಟಾಣು ಅಡಗಿರುವ ವಯಸ್ಕರಲ್ಲಿ, ಮೂರು ವರ್ಷದವರೆಗೆ ಸುಮಾರು ಅರ್ಧದಷ್ಟು ಪ್ರಕರಣಗಳನ್ನು ತಡೆಯಿತು. 20,000 ಜನರನ್ನು ಸೇರಿಸುವ ಮೂರನೇ ಹಂತ 2024ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಯಿತು. ಲಸಿಕೆ ಹಾಕಿಸಿಕೊಂಡವರಿಗೆ ಟಿಬಿ ಬರುತ್ತದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ಕಾದು ನೋಡಬೇಕಾದ ಕೆಲಸ ಇದು.